ಪಡುವಣ ದಾರಿಗೆ ಹಸಿರು ಸೂಜಿ

ಮಾವನಿಗೆ ಸಿಟ್ಟು ಬಂದರೆ ಮೊದಲು ಹಾರುವುದು ತಟ್ಟೆ, ಆಮೇಲೆ ಮಾತು, ಕೊನೆಗೆ ಕೈ. ಮದುವೆಯಾಗಿ ಒಂಬತ್ತು ವರ್ಷಗಳಲ್ಲಿ ಸೊಸೆ ಈ ಕ್ರಮವನ್ನು ಚೆನ್ನಾಗಿ ಕಲಿತಿದ್ದಳು. ತಟ್ಟೆ ಹಾರಿದ ಕೂಡಲೇ ಎದ್ದು ಅಡುಗೆಮನೆ ಕಡೆ ಸರಿದರೆ ವಿಷಯ ಬೈಗುಳಕ್ಕೆ ಮುಗಿಯುತ್ತಿತ್ತು. ಅಲ್ಲೇ ಕೂತು ಸಮಜಾಯಿಷಿ ಕೊಡಲು ಹೋದರೆ ಕೆನ್ನೆ ಊದುತ್ತಿತ್ತು. ಎಲ್ಲಿ ಏಟು ಬೀಳುತ್ತದೆ ಅಂತ ಮೊದಲೇ ಅಂದಾಜು ಮಾಡುವುದು ಅವಳ ಕಸುಬು. ಆಫೀಸಿನಲ್ಲಿ ಅದಕ್ಕೆ ಸಂಬಳ ಸಿಗುತ್ತಿತ್ತು, ಮನೆಯಲ್ಲಿ ಸಿಗುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಆಫೀಸು ಅಂದರೆ ಒಂದು ಪ್ರವಾಸಿ ಕಂಪನಿಯ ಎರಡನೇ ಮಹಡಿ. ಕಿಟಕಿ ತೆಗೆದರೆ ಕಾಗದದ ಮೇಲೆಲ್ಲ ಮರಳು ಕೂರುವ ಒಂದು ಪುಟ್ಟ ಕೋಣೆ. ಆ ಕೋಣೆಗೆ 'ದಾರಿ ಮೇಜು' ಅಂತ ಹೆಸರು. ಮರಳುಗಾಡು ನೋಡಲು ಹೊರದೇಶಗಳಿಂದ ಜನ ಬರುತ್ತಿದ್ದರು. ಅವರನ್ನು ಯಾವ ದಾರಿಯಲ್ಲಿ ಕಳಿಸಬಹುದು, ಯಾವುದರಲ್ಲಿ ಕೂಡದು ಅಂತ ಹೇಳುವವಳು ಇವಳು. ನೀರು ಕಾಯಿಸಿ ಕುಡಿಯಿರಿ, ಸೈನಿಕರ ಫೋಟೋ ತೆಗೆಯಬೇಡಿ, ಸಂಜೆ ಐದರ ಮೇಲೆ ಊರು ಬಿಟ್ಟು ಹೊರಡಬೇಡಿ ಅಂತೆಲ್ಲ ಹದಿನೇಳು ಸೂಚನೆಗಳ ಹಾಳೆ ಬರೆದವಳೂ ಇವಳೇ. ಬೆಳಿಗ್ಗೆ ಏಳಕ್ಕೆ ಪೆಟ್ರೋಲ್ ಬಂಕಿನವನಿಗೆ, ಕ್ಲಿನಿಕ್ಕಿನ ನರ್ಸಿಗೆ, ಬಾವಿ ಕಾಯುವವನಿಗೆ ಫೋನು. ಆಮೇಲೆ ಡ್ರೈವರುಗಳು ಕೊಟ್ಟ ಹಾಳೆಗಳ ಓದು. ಪ್ರತಿ ಹಾಳೆಯ ಕೆಳಗೆ ಒಂದು ಪ್ರಶ್ನೆ ಇರುತ್ತಿತ್ತು: ದಾರಿಯಲ್ಲಿ ಏನಾದರೂ ತೊಂದರೆ ಆಯಿತೆ? ಉತ್ತರ ನೋಡಿಕೊಂಡು ಗೋಡೆಯ ನಕ್ಷೆಯಲ್ಲಿ ಐದು ದಾರಿಗೆ ಐದು ಗುಂಡುಸೂಜಿ ಚುಚ್ಚುತ್ತಿದ್ದಳು. ಹಸಿರು, ಹಳದಿ, ಇಲ್ಲವೇ ಕೆಂಪು.

ಪಡುವಣ ದಾರಿಗೆ ಹದಿನಾಲ್ಕು ತಿಂಗಳಿಂದ ಹಸಿರು ಸೂಜಿಯೇ ಇತ್ತು. ಎತ್ತರದ ಮರಳ ದಿಬ್ಬಗಳಿರುವುದು ಆ ಕಡೆಯೇ, ಹಾಗಾಗಿ ಪ್ರವಾಸಿಗಳೆಲ್ಲ ಬಾಯಿಬಿಟ್ಟರೆ ಪಡುವಣ ದಾರಿ ಅನ್ನುತ್ತಿದ್ದರು. ಮಾವ ನಲವತ್ತು ವರ್ಷ ಅದೇ ದಾರಿಯಲ್ಲಿ ಗಾಡಿ ಓಡಿಸಿ ಸೊಂಟ ಕೆಡಿಸಿಕೊಂಡು ಮನೆಯಲ್ಲಿ ಕೂತಿದ್ದ. ಈಗ ಗಂಡ ಪ್ರವಾಸಿಗಳ ಗಾಡಿ ಓಡಿಸುತ್ತಿದ್ದ. ಮೈದುನನದು ಮುಂದಿನ ಗಾಡಿ. ಟೆಂಟು, ಒಲೆ, ನೀರಿನ ಕ್ಯಾನು ತುಂಬಿಕೊಂಡು ಪ್ರವಾಸಿಗಳಿಗಿಂತ ಅರ್ಧ ಗಂಟೆ ಮೊದಲು ಹೊರಡುವ ಗಾಡಿಗೆ ಆ ಹೆಸರು. ಮೈದುನ ಒಂದು ಕಡೆ ಕೂತವನಲ್ಲ. ಇಪ್ಪತ್ತಾರು ವರ್ಷವಾದರೂ ಮನೆಯಲ್ಲಿ ಎಲ್ಲರೂ ಅವನನ್ನು ಗಿರಗಿಟ್ಲೆ ಅಂತಲೇ ಕರೆಯುತ್ತಿದ್ದರು. ಅತ್ತಿಗೆಯನ್ನು ರೇಗಿಸದಿದ್ದರೆ ಅವನಿಗೆ ತಿಂದ ಅನ್ನ ಜೀರ್ಣವಾಗುತ್ತಿರಲಿಲ್ಲ. ಅವಳಿಗೂ ಆ ಮನೆಯಲ್ಲಿ ನಗು ಅಂತ ಬಂದರೆ ಅವನಿಂದಲೇ ಬರಬೇಕಿತ್ತು.

ರಜೆಯ ದಿನ ಇಬ್ಬರೂ ಸೇರಿ ಮುಂದಿನ ಗಾಡಿಯನ್ನು ಮನೆ ಮುಂದಿನ ಓಣಿಯಲ್ಲಿ ತೊಳೆಯುತ್ತಿದ್ದರು. ಮೈದುನ ಮೇಲೆ ನಿಂತು ನೀರು ಹೊಯ್ಯುತ್ತಿದ್ದ. ಇವಳು ಬ್ರಷ್ಷು ಹಿಡಿದು ಗಾಡಿಯ ಕೆಳಗೆ ತೂರಿದಳು. ಪೆಟ್ರೋಲ್ ಟ್ಯಾಂಕಿನ ಬದಿ ಉಜ್ಜುವಾಗ ಬೆರಳಿಗೆ ಮೆತ್ತಗೆ ಏನೋ ತಗುಲಿತು. ಬಟ್ಟೆ ಸೋಪು. ಟ್ಯಾಂಕು ಸೋರಿದರೆ ಡ್ರೈವರುಗಳು ಸೋಪು ಮೆತ್ತುತ್ತಾರೆ, ಅದು ಅವಳಿಗೂ ಗೊತ್ತು. ಆದರೆ ಈ ತೂತು ಬೆರಳಿನಷ್ಟು ದಪ್ಪಗೆ, ದುಂಡಗೆ, ಅಂಚು ಒಳಕ್ಕೆ ಮಡಚಿಕೊಂಡು ಇತ್ತು.

"ಇದೇನೋ ಇದು?"

"ಸೋಪು ಅತ್ತಿಗೆ. ಗಾಡಿಗೂ ಸ್ನಾನ ಬೇಡವಾ?"

"ಸೋಪಿನ ಹಿಂದಿರೋ ತೂತು ಕೇಳ್ದೆ."

"ಕಲ್ಲು ಸಿಡೀತು."

"ಕಲ್ಲು ಇಷ್ಟು ದುಂಡಗೆ ಸಿಡಿಯುತ್ತಾ? ದರ್ಜಿ ಹತ್ರ ಅಳತೆ ಕೊಟ್ಟು ಬಂದಿತ್ತಾ?"

ಮೈದುನ ನಗಲಿಲ್ಲ. ಬಕೆಟ್ಟು ಕೆಳಗಿಟ್ಟು ಒಳಗೆ ಹೋದ. ಅತ್ತಿಗೆಯನ್ನು ತಿರುಗಿ ರೇಗಿಸದೆ ಅವನು ಹೋದದ್ದು ಅದೇ ಮೊದಲು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಅತ್ತೆ ರೊಟ್ಟಿ ಬಡಿಸಿ ಬೇಳೆ ಹಾಕುತ್ತಿದ್ದಳು. ಸೊಸೆ ಎಲ್ಲರೆದುರು ಕೇಳಿಯೇಬಿಟ್ಟಳು.

"ಮುಂದಿನ ಗಾಡಿಗೆ ಗುಂಡು ಬಿದ್ದಿದೆ. ಯಾರೂ ಹಾಳೇಲಿ ಬರೆದಿಲ್ಲ. ಯಾಕೆ?"

ಗಂಡ ತುತ್ತು ನುಂಗಿ ಈರುಳ್ಳಿ ಕಡೆ ನೋಡಿದ. ಮಾವ, "ಉಣ್ಣೋ ಹೊತ್ತಲ್ಲಿ ಆಫೀಸು ತರಬೇಡ" ಅಂದ.

"ಆಫೀಸಲ್ಲ ಮಾವ. ನಿಮ್ಮ ಮಗ ಕೂತ್ಕೊಳ್ಳೋ ಸೀಟಿನಿಂದ ಒಂದು ಗೇಣು ಆಚೆ."

ಗಿರಗಿಟ್ಲೆಗೆ ಬಾಯಿ ಕಟ್ಟಿ ಅಭ್ಯಾಸವಿಲ್ಲ. "ಹೇಳಿದ್ರೆ ಏನಾಗುತ್ತೆ ಅಪ್ಪ? ಮನೆಯವರು ತಾನೆ" ಅಂತ ಅವನೇ ಶುರು ಮಾಡಿದ. "ಅತ್ತಿಗೆ, ಮುಂದಿನ ಗಾಡಿ ಟೆಂಟು ಹಾಕೋಕೆ ಹೋಗುತ್ತೆ ಅಂತ ನಂಬ್ಕೊಂಡು ಕೂತಿದ್ದೀರಲ್ಲ, ಎಂಥಾ ಮುಗ್ಧರು ನೀವು! ಒಣಹಳ್ಳ ದಾಟೋ ಕಡೆ ಆರೇಳು ಜನ ಬಂದೂಕು ಹಿಡ್ಕೊಂಡು ಕೂತಿರ್ತಾರೆ. ಒಂದು ಮೂಟೆ ಸಕ್ಕರೆ, ಎರಡು ಟೈರು, ಒಂದಿಷ್ಟು ಸಿಗರೇಟು. ಕೊಟ್ಟು, ದಿಬ್ಬ ಹತ್ತಿ ಅಣ್ಣನಿಗೆ ಒಂದು ಮಿಸ್ಡ್ ಕಾಲ್. ಬಾವಿ ಹತ್ರ ಕಾಯ್ತಿರೋ ಅಣ್ಣ ಆಮೇಲೆ ಹೊರಡ್ತಾನೆ. ಅವರು ಕೈ ಬೀಸ್ತಾರೆ, ಪ್ರವಾಸಿಗಳು ಫೋಟೋ ತೆಗೀತಾರೆ. ಎಂಥಾ ಒಳ್ಳೆ ಜನ ಅಂತಾರೆ."

"ಎಷ್ಟು ದಿನದಿಂದ?"

"ನಾನು ಸ್ಟೇರಿಂಗ್ ಹಿಡಿದಾಗಿನಿಂದ. ಎಲ್ಲ ಡ್ರೈವರುಗಳೂ ಹಿಂಗೇನೆ. ಹೋದ ವಾರ ಹೊಸಬರು ಬಂದಿದ್ರು, ಸಕ್ಕರೆ ಸಾಲಲ್ಲ ಅಂದ್ರು. ಗಾಡಿನೇ ಬೇಕಂತೆ. ನಾನು ಬಿಡ್ತೀನಾ? ಆಕ್ಸಿಲರೇಟರ್ ತುಳಿದೆ. ಹಿಂದಿನಿಂದ ಢಂ ಅಂತ..."

ಮಾತು ಮುಗಿಯುವ ಮೊದಲೇ ಮಾವನ ಕೈ ಅವನ ಬಾಯಿಗೆ ಅಪ್ಪಳಿಸಿತು. ತುಟಿ ಒಡೆದು ಬೇಳೆಯ ಬಟ್ಟಲಿಗೆ ರಕ್ತ ತೊಟ್ಟಿಕ್ಕಿತು. ಆ ದಿನ ತಟ್ಟೆ ಹಾರಿದ್ದು ಆಮೇಲೆ. ಸೊಸೆಯ ಕಿವಿ ಸವರಿಕೊಂಡು ಹೋಗಿ ಗೋಡೆಗೆ ಬಡಿಯಿತು. ಅತ್ತೆ ಒದ್ದೆ ಬಟ್ಟೆ ತಂದು ಮಗನ ತುಟಿಗೆ ಒತ್ತಿ ಹಿಡಿದು, ಬೈದದ್ದು ಮಾತ್ರ ಸೊಸೆಯನ್ನು. "ಗಂಡಸರ ದಾರಿ ವಿಷಯಕ್ಕೆ ನೀನ್ಯಾಕೆ ಮೂಗು ತೂರಿಸ್ತೀಯೆ? ಉಣ್ಣೋಕೂ ಬಿಡಲ್ಲ."

ಅವಳು ತಟ್ಟೆಯ ಚೂರು ಆರಿಸುತ್ತ ತಲೆಯಲ್ಲಿ ಕೂಡಿಸುತ್ತಿದ್ದಳು. ಹದಿನಾಲ್ಕು ತಿಂಗಳಲ್ಲಿ ಪಡುವಣ ದಾರಿಗೆ ಅವಳು ಕಳಿಸಿದವರು ಮುನ್ನೂರಕ್ಕೂ ಮೇಲೆ. ಅಜ್ಜಿಯರಿದ್ದರು, ಹೊಸದಾಗಿ ಮದುವೆಯಾದವರಿದ್ದರು, ಕೈಗೂಸು ಎತ್ತಿಕೊಂಡು ಬಂದವಳೊಬ್ಬಳಿದ್ದಳು. ತಾನು ಮೂರು ಕಡೆ ಫೋನು ಮಾಡಿ, ಹಾಳೆ ಓದಿ, ದಾರಿ ಸುರಕ್ಷಿತ ಅಂತ ಸಹಿ ಹಾಕಿದ್ದು ತನ್ನ ಗಂಡನೇ ಬರೆದ ಸುಳ್ಳಿನ ಮೇಲೆ. ಅದು ಹೊಳೆದಾಗ ಅವಳಿಗೆ ಭಯಕ್ಕಿಂತ ಮೊದಲು ನಾಚಿಕೆಯಾಯಿತು. ಆಮೇಲೆ ಬಂದದ್ದು ಸಿಟ್ಟು, ಅದು ಹೋಗಲೇ ಇಲ್ಲ.

ಮರುದಿನ ಅವಳು ಮ್ಯಾನೇಜರ್ ಎದುರು ನಿಂತಳು. ಅವನು ಕೇಳಿ ಆಶ್ಚರ್ಯಪಡಲಿಲ್ಲ. ಆಶ್ಚರ್ಯಪಡದಿದ್ದದ್ದೇ ಅವಳಿಗೆ ಕೆಟ್ಟದಾಗಿ ಕಂಡಿತು.

"ಮೇಡಂ, ಬಾಯಿಮಾತಿಗೆ ದಾರಿ ಮುಚ್ಚೋಕೆ ಆಗಲ್ಲ. ನಿಯಮ ಬರೆದವರು ನೀವೇ. ಕಣ್ಣಾರೆ ನೋಡಿದವರ ಸಹಿ ಇರೋ ಒಂದು ಹಾಳೆ ತನ್ನಿ. ನಿಮ್ಮ ಯಜಮಾನರದ್ದೇ ಆಗ್ಲಿ."

"ಅಲ್ಲಿವರೆಗೆ?"

"ನಿಮ್ಮ ಸ್ವಂತ ಸಹಿಲಿ ಮೂರು ದಿನ ಕೆಂಪು ಹಾಕಬಹುದು. ಹಾಳೆ ಬರಲಿಲ್ಲ ಅಂದ್ರೆ ನಾಲ್ಕನೇ ದಿನ ಹಸಿರು. ಹನ್ನೊಂದು ಜನರ ಗುಂಪು ಬರ್ತಾ ಇದೆ, ನೆನಪಿಟ್ಕೊಳ್ಳಿ."

ಹಾಗಾಗಿ ಒಂದು ಸಹಿ ಬೇಕಿತ್ತು, ಅದೂ ಹಾಳೆ ಬರೆಯುತ್ತಿದ್ದ ಗಂಡನದು. ಕೆಂಪು ಮೂರೇ ದಿನ ನಿಲ್ಲುವುದರಿಂದ ಅದನ್ನು ಕಡೆಗಿಟ್ಟುಕೊಂಡು, ಐದು ದಿನ ಅವಳು ಸಹಿಗಾಗಿ ಹೆಣಗಿದಳು. ಹೇಳಬೇಕಾದ್ದನ್ನೆಲ್ಲ ಒಳ್ಳೆಯ ಮಾತಿನಲ್ಲಿ ಹೇಳಿದಳು, ಮುನಿಸಿಕೊಂಡು ಹೇಳಿದಳು, ಅವನು ಶೂ ಹಾಕುವಾಗ ಹೇಳಿದಳು, ಬಟ್ಟೆ ಒಣಗಿಸುವಾಗ ಹೇಳಿದಳು. ಗಂಡ ಸುಮ್ಮನಿರುವ ಜಾತಿಯ ಮನುಷ್ಯ. ಮನೆಯಲ್ಲಿ ಯಾರಿಗೆ ಏಟು ಬಿದ್ದರೂ ಅವನು ತನ್ನ ತಟ್ಟೆಯನ್ನು ಎತ್ತಿಕೊಂಡು ಆಚೆ ಹೋಗಿ ಉಣ್ಣುವವನು. ಆರನೇ ದಿನ ಅವನು ಸ್ಟವ್ ರಿಪೇರಿ ಮಾಡುತ್ತ ಕೂತಿದ್ದಾಗ ಅವಳು ಹಾಳೆ, ಪೆನ್ನು ಎರಡನ್ನೂ ತಂದು ಎದುರಿಗಿಟ್ಟಳು.

"ಒಂದು ಸಾಲು ಸಾಕು ರೀ."

"ಒಂದು ಸಾಲು ಬರೆದ್ರೆ ಹದಿನಾಲ್ಕು ತಿಂಗಳು ಬರೆದದ್ದೆಲ್ಲ ಸುಳ್ಳು ಅಂತ ಒಪ್ಪಿದ ಹಾಗೆ. ಲೈಸೆನ್ಸು ಹೋಗುತ್ತೆ. ಉಳಿದ ಡ್ರೈವರುಗಳು ಕಾಲು ಮುರೀತಾರೆ."

"ನಿಮ್ಮ ತಮ್ಮನ ತಲೆಗೆ ಗುಂಡು ಬಿದ್ದಿದ್ರೆ?"

"ಬಿದ್ದಿಲ್ಲವಲ್ಲ."

"ಬೀಳಲಿ ಅಂತ ಕಾಯ್ತಿದ್ದೀರಾ? ಹೇಡಿ!"

ಆ ಮಾತಿಗೆ ಅವನು ಎದ್ದ. ಒಂಬತ್ತು ವರ್ಷದಲ್ಲಿ ಅವನು ಅವಳ ಮೇಲೆ ಕೈ ಎತ್ತಿರಲಿಲ್ಲ. ಅವತ್ತು ಅವಳ ಜಡೆ ಹಿಡಿದು ತಲೆಯನ್ನು ಗೋಡೆಗೆ ಬಡಿದ. ಒಂದೇ ಸಲ. ಆಮೇಲೆ ತನ್ನ ಕೈಯನ್ನೇ ನೋಡಿಕೊಂಡು ನಿಂತ, ಮತ್ತೆ ಕೂತು ಸ್ಟವ್ವಿನ ಬರ್ನರು ಬಿಚ್ಚತೊಡಗಿದ. ಅವಳು ಹಣೆಯ ರಕ್ತ ಒರೆಸಿಕೊಂಡು ಆಫೀಸಿಗೆ ನಡೆದಳು. ಪಡುವಣ ದಾರಿಯ ಹಸಿರು ಸೂಜಿ ಕಿತ್ತು ಕೆಂಪು ಚುಚ್ಚಿ, ಕೆಳಗೆ ತನ್ನ ಸಹಿ ಹಾಕಿದಳು.

ಸುದ್ದಿ ಊರು ಸುತ್ತಲು ಎರಡು ಗಂಟೆಯೂ ಬೇಕಾಗಲಿಲ್ಲ. ಕೆಂಪು ಅಂದರೆ ಇಪ್ಪತ್ತು ಗಾಡಿ ಶೆಡ್ಡಿನಲ್ಲಿ, ಇಪ್ಪತ್ತು ಮನೆಯ ಒಲೆ ತಣ್ಣಗೆ. ಸಂಜೆ ಓಣಿಯ ತುಂಬ ಡ್ರೈವರುಗಳು. ಮೊದಲ ಕಲ್ಲು ಯಾರು ಎಸೆದರೋ, ಕಿಟಕಿಯ ಗಾಜು ಪುಡಿಪುಡಿಯಾಗಿ ಹಿಟ್ಟಿನ ಡಬ್ಬಿಗೆ ಬಿತ್ತು. ಎರಡನೆಯದು ಅತ್ತೆಯ ಹೆಗಲಿಗೆ. ಗಿರಗಿಟ್ಲೆ ಹೊರಗೆ ನುಗ್ಗಿ ಇಬ್ಬರಿಗೆ ಬಿಟ್ಟ, ನಾಲ್ವರಿಂದ ತಿಂದ. ಅಂಗಿ ಹರಿದು, ಹುಬ್ಬು ಸೀಳಿ ಒಳಗೆ ಬಂದವನು ಅತ್ತಿಗೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ನಾಳೆ ಹೋಗಿ ಸೂಜಿ ಕಿತ್ತು ಬಾ" ಅಂದ ಮಾವ.

"ಕೀಳಲ್ಲ ಮಾವ."

"ಇನ್ನೊಂದ್ಸಲ ಹೇಳು."

"ಕೀಳಲ್ಲ."

ಅತ್ತೆ ಹೋಗಿ ಬಾಗಿಲಿನ ಚಿಲಕ ಹಾಕಿದಳು. ಸದ್ದು ಓಣಿಗೆ ಕೇಳಬಾರದು ಅಂತ. ಮಾವ ಮೂಲೆಯಿಂದ ಗಾಡಿಯ ಜಾಕಿನ ರಾಡು ತೆಗೆದ. "ಯಾವ ಕೈಲಿ ಚುಚ್ಚಿದ್ದು?" ಅಂದ. ಅವಳು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು. ಅವನು ಬಲಗೈ ಎಳೆದು ರೊಟ್ಟಿ ಮಣೆಯ ಮೇಲೆ ಅದುಮಿ ರಾಡು ಎತ್ತಿದ. ಮೊದಲ ಏಟಿಗೆ ಅವಳು ಕೂಗಿಕೊಂಡಳು. ಎರಡನೆಯದಕ್ಕೆ ಸದ್ದೇ ಹೊರಡಲಿಲ್ಲ. ಮೂರು ಬೆರಳುಗಳು ಬೇರೆಬೇರೆ ದಿಕ್ಕಿಗೆ ತಿರುಗಿದ್ದವು. ಗಂಡ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. "ಅಪ್ಪ, ಸಾಕು" ಅಂದ, ಅದೂ ಎಲ್ಲ ಮುಗಿದ ಮೇಲೆ.

ಅತ್ತೆ ಎರಡು ಚಪ್ಪಟೆ ಸೌಟು ಇಟ್ಟು ಕೈಗೆ ಬಟ್ಟೆ ಬಿಗಿದು ಕಟ್ಟಿದಳು.

"ಕೀಳ್ತೀನಿ ಅಂತ ಒಂದು ಮಾತು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನಿಮ್ಮ ಮಗ ಹೋಗ್ತಾನೆ ಅತ್ತೆ."

"ಅಪಶಕುನ ನುಡೀಬೇಡ."

ಮೂರು ದಿನ ಅವಳು ಆಸ್ಪತ್ರೆಯಲ್ಲಿದ್ದಳು. ಡಾಕ್ಟರು ಕೇಳಿದರೆ ಬಾಗಿಲ ಸಂದಿಗೆ ಸಿಕ್ಕಿತು ಅಂದಳು. ತಾನೂ ಸುಳ್ಳು ವರದಿಯನ್ನೇ ಕೊಟ್ಟೆನಲ್ಲ ಅಂತ ಆಮೇಲೆ ಅನ್ನಿಸಿತು. ನಾಲ್ಕನೇ ದಿನ ಬೆಳಿಗ್ಗೆ ಪ್ಲಾಸ್ಟರು ಹಾಕಿಸಿಕೊಂಡು ಮನೆಗೆ ಬರುವಷ್ಟರಲ್ಲಿ ನಿಯಮ ತನ್ನ ಕೆಲಸ ಮುಗಿಸಿತ್ತು. ಯಾರ ಹಾಳೆಯೂ ಬಂದಿರಲಿಲ್ಲ. ಯಾರೋ ಕೆಂಪು ಕಿತ್ತು ಹಸಿರು ಚುಚ್ಚಿದ್ದರು. ಓಣಿಯಲ್ಲಿ ಮುಂದಿನ ಗಾಡಿ ನಿಂತಿತ್ತು. ಮೈದುನ ಸಕ್ಕರೆಯ ಮೂಟೆ ಏರಿಸುತ್ತಿದ್ದ. ಒಂದಲ್ಲ, ಈ ಸಲ ಮೂರು.

"ಹೋಗಬೇಡ" ಅಂದಳು ಅವಳು.

"ಸಾಕು ಅತ್ತಿಗೆ. ನಿಮ್ಮಿಂದಾಗಿ ಊರವರ ಹತ್ರ ಉಗಿಸ್ಕೊಂಡಿದ್ದೀನಿ. ಜೊತೆಗೆ ಚಹಾ ಕುಡಿಯೋರೂ ಮುಖ ತಿರುಗಿಸ್ತಾರೆ."

"ಆ ಹೊಸಬರಿಗೆ ಸಕ್ಕರೆ ಬೇಡ ಅಂತ ನೀನೇ ಹೇಳ್ದೆಯಲ್ಲೋ! ಗಾಡಿ ಬೇಕು ಅಂದ್ರು ಅಂತ!"

"ಮೂರು ಮೂಟೆ ಕೊಟ್ರೆ ಅವರಪ್ಪನೂ ಒಪ್ತಾನೆ. ನಿಮಗೆ ಗಾಡಿನೂ ಗೊತ್ತಿಲ್ಲ, ದಾರಿನೂ ಗೊತ್ತಿಲ್ಲ. ಕೋಣೇಲಿ ಕೂತು ಸೂಜಿ ಚುಚ್ಚೋದು ಗೊತ್ತು."

ಕೈ ನೋವು ನೆತ್ತಿಗೇರಿತ್ತು. ಅವಳು ಕಿರುಚಿದಳು. "ಹೋಗು ಹಾಗಾದ್ರೆ! ಸಾಯೋಕೆ ಅಷ್ಟು ಅವಸರ ಇದ್ರೆ ಹೋಗಿ ಸಾಯಿ!"

ಮೈದುನ ಅವಳ ಮುಖ ನೋಡಿದ. ಅತ್ತೆ ಕಟ್ಟಿಟ್ಟ ಬುತ್ತಿಯನ್ನು ಕಾಲಿನಲ್ಲಿ ಒದ್ದು ಗಾಡಿ ಹತ್ತಿದ. ರೊಟ್ಟಿಗಳು ಓಣಿಯ ಮಣ್ಣಿನಲ್ಲಿ ಬಿದ್ದವು. ಇಂಥ ಮಾತು ಎಲ್ಲರ ಮನೆಯಲ್ಲೂ ಬರುತ್ತದೆ, ಸಂಜೆಯ ಹೊತ್ತಿಗೆ ಮರೆತೂ ಹೋಗುತ್ತದೆ. ಇದನ್ನು ಮರೆಯುವ ಭಾಗ್ಯ ಅವಳಿಗೆ ಸಿಗಲಿಲ್ಲ.

ಗಂಡ ಮರುದಿನ ಮಧ್ಯಾಹ್ನ ಬಂದ. ಗಾಡಿಯ ಹಿಂದೆ ಟಾರ್ಪಾಲು ಸುತ್ತಿದ ಏನೋ ಒಂದಿತ್ತು. ಅತ್ತೆ ಬಾಗಿಲಿಗೆ ಬಂದವಳು ಟಾರ್ಪಾಲಿನಿಂದ ಹೊರಗೆ ಚಾಚಿದ್ದ ಕಾಲಿನ ಚಪ್ಪಲಿ ನೋಡಿ ಅಲ್ಲೇ ಕುಸಿದಳು. ಗಂಡ ಹೇಳಿದ್ದರಲ್ಲಿ ಗೊತ್ತಾದದ್ದು ಇಷ್ಟು. ಬಾವಿಯ ಹತ್ತಿರ ಮಿಸ್ಡ್ ಕಾಲ್‌ಗೆ ಕಾದ. ಅರ್ಧ ಗಂಟೆಯಾಯಿತು, ಒಂದಾಯಿತು, ಬರಲಿಲ್ಲ. ಟೈರು ತೊಂದರೆ ಅಂತ ಪ್ರವಾಸಿಗಳಿಗೆ ಹೇಳಿ ಅವರನ್ನು ಬಾವಿಯ ನೆರಳಲ್ಲಿ ಕೂರಿಸಿ ಒಬ್ಬನೇ ಹೋದ. ಗಾಡಿ ಸುಟ್ಟು ಕರಕಲಾಗಿತ್ತು. ತಮ್ಮ ಹೊರಗೆ ಬಿದ್ದಿದ್ದ.

"ಪಲ್ಟಿ ಹೊಡೆದು ಬೆಂಕಿ ಹತ್ತಿದೆ. ಎಸೆದುಬಿಟ್ಟಿದೆ ಅವನ್ನ" ಅಂದ. ಅನ್ನುವಾಗ ತಂದೆಯ ಮುಖ ನೋಡಿದ. ತಂದೆ ಸಣ್ಣಗೆ ತಲೆಯಾಡಿಸಿದ.

ಅತ್ತೆ ಎದ್ದಳು. ನೀರು ಕಾಯಿಸಿದಳು. ಹೆಣವನ್ನು ಒಳಕೋಣೆಗೆ ಹಾಕಿಸಿಕೊಂಡು, ಸೊಸೆಯನ್ನೂ ಸೇರಿಸಿ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಒಳಗಿಂದ ಅಳು ಕೇಳಲಿಲ್ಲ. ಚೊಂಬಿನಿಂದ ನೀರು ಸುರಿಯುವ ಸದ್ದು, ನಿಲ್ಲುವ ಸದ್ದು, ಮತ್ತೆ ಸುರಿಯುವ ಸದ್ದು. ಎರಡು ಗಂಟೆ ಬಿಟ್ಟು ಬಾಗಿಲು ತೆಗೆದಾಗ ಅವನಿಗೆ ಕುತ್ತಿಗೆಯವರೆಗೆ ಬಿಳಿ ಬಟ್ಟೆ ಸುತ್ತಿದ್ದಳು, ಯಾರಿಗೂ ಬಿಚ್ಚಲು ಬಿಡಲಿಲ್ಲ. ಸೊಸೆ, "ಅತ್ತೆ, ಮೈಮೇಲೆ ಏನಿತ್ತು?" ಅಂತ ಕೇಳಿದರೆ, "ಮಣ್ಣಿತ್ತು" ಅಂದಳು.

ಎಂಟು ದಿನ ಆ ಮನೆಯಲ್ಲಿ ಹೆಚ್ಚು ಮಾತಿರಲಿಲ್ಲ, ಹೊಡೆದಾಟ ಮಾತ್ರ ಇತ್ತು. ಗಂಡ ಒಂದು ದಿನ ಶೆಡ್ಡಿನಲ್ಲಿ ಯಾರದೋ ಮೂಗು ಒಡೆದು ಬಂದ. ಮಾವ ಸೊಸೆ ಎದುರಿಗೆ ಬಂದರೆ ಸಾಕು, "ನಿನ್ನ ಬಾಯಿಂದಲೇ ಸತ್ತ" ಅಂತ ಕೈಗೆ ಸಿಕ್ಕಿದ್ದು ಎಸೆಯುತ್ತಿದ್ದ. ಲೋಟ, ಚಪ್ಪಲಿ, ಒಮ್ಮೆ ಸುತ್ತಿಗೆ. ಅವಳು ತಪ್ಪಿಸಿಕೊಳ್ಳುವುದನ್ನೂ ಬಿಟ್ಟಿದ್ದಳು. ಅವನು ಹೇಳುವುದು ನಿಜ ಅಂತ ಅವಳಿಗೂ ಅನ್ನಿಸುತ್ತಿತ್ತು. ಕೆಲವು ಸಲ ಓಣಿಯಲ್ಲಿ ಗಾಡಿಯ ಸದ್ದು ಕೇಳಿದರೆ ಎದ್ದು ನಿಲ್ಲುತ್ತಿದ್ದಳು, ಮತ್ತೆ ಕೂತು ಗಟ್ಟಿಯಾಗಿ ಅಳುತ್ತಿದ್ದಳು.

ಒಂಬತ್ತನೇ ದಿನ ಬೆಳಿಗ್ಗೆ ಮ್ಯಾನೇಜರು ಬಿಸ್ಕತ್ತಿನ ಡಬ್ಬಿಯೊಂದನ್ನು ಹಿಡಿದುಕೊಂಡು ಬಂದ. ತುಂಬಾ ದುಃಖವಾಯಿತು ಅಂದ, ಮನೆಯ ಮಗನನ್ನೇ ಕಳಕೊಂಡ ಹಾಗಾಯಿತು ಅಂದ. ಆಮೇಲೆ ಚೀಲದಿಂದ ಒಂದು ಕಾಗದ ತೆಗೆದ. ಟೈಪು ಮಾಡಿ ತಂದಿದ್ದ. ಮುಂದಿನ ಗಾಡಿ ಮರಳ ದಿಬ್ಬದಲ್ಲಿ ಉರುಳಿ ಬೆಂಕಿ ಹತ್ತಿಕೊಂಡಿತು, ದಾರಿಯಲ್ಲಿ ಬೇರೆ ಯಾವ ತೊಂದರೆಯೂ ಇಲ್ಲ. ಕೆಳಗೆ ಎರಡು ಸಹಿಗೆ ಜಾಗ ಬಿಟ್ಟಿತ್ತು. ಒಂದು ಹಿಂದಿನ ಗಾಡಿಯ ಡ್ರೈವರನದು, ಇನ್ನೊಂದು ದಾರಿ ಮೇಜಿನದು.

"ಸೋಮವಾರ ಹತ್ತೊಂಬತ್ತು ಜನ ಹೊರಡ್ತಾರೆ. ಶಾಲೆ ಮೇಷ್ಟ್ರುಗಳು, ಹೆಂಡತಿ ಮಕ್ಕಳ ಜೊತೆ. ಅವರಿಗೆ ಕಳಿಸೋಕೆ ಬೇಕಿತ್ತು" ಅಂದ.

"ಸೋಮವಾರ ಮುಂದಿನ ಗಾಡಿ ಯಾರು ಓಡಿಸ್ತಾರೆ?" ಸೊಸೆ ಕೇಳಿದಳು.

ಮ್ಯಾನೇಜರು ಬಿಸ್ಕತ್ತಿನ ಡಬ್ಬಿಯನ್ನು ಸ್ವಲ್ಪ ಸರಿಸಿದ. "ನಿಮ್ಮ ಯಜಮಾನರಿಗೇ ಕೊಡೋಣ ಅಂತಿದ್ದೀವಿ. ದಾರಿ ಬಲ್ಲವರು."

ಗಂಡ ಪೆನ್ನು ತೆಗೆದುಕೊಂಡ. ಮಾವ, "ಹಾಕು. ಇರೋದು ನೀನೊಬ್ಬ. ಲೈಸೆನ್ಸು ಉಳಿಸ್ಕೋ" ಅಂದ. ಸೊಸೆ ಎದ್ದು ಬಂದು ಎಡಗೈಯನ್ನು ಕಾಗದದ ಮೇಲೆ ಅಡ್ಡ ಇಟ್ಟಳು.

"ನಾನು ಸಹಿ ಹಾಕಲ್ಲ. ನೀವೂ ಹಾಕಬೇಡಿ."

"ತೆಗಿ ಕೈ" ಅಂದ ಮಾವ.

"ಇದನ್ನೂ ಮುರೀರಿ ಮಾವ. ಆಮೇಲೆ ಹಲ್ಲಲ್ಲಿ ಹಿಡಿದು ಚುಚ್ತೀನಿ."

ಮಾವ ಎದ್ದ. ಪಕ್ಕದ ಕುರ್ಚಿಯನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದ. ಮ್ಯಾನೇಜರು "ಅಯ್ಯೋ, ಬೇಡ ಬೇಡ" ಅನ್ನುತ್ತ ಗೋಡೆಗೆ ಸರಿದ. ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಚಹಾದ ಕೆಟಲ್ ಹಿಡಿದು ಬಂದಳು. ಅವಸರ ಮಾಡಲಿಲ್ಲ. ಮಾವನ ಹತ್ತಿರ ಬಂದು, ಕುರ್ಚಿ ಎತ್ತಿದ ಅವನ ತೋಳಿನ ಮೇಲೆ ಕುದಿಯುವ ಚಹಾ ಸುರಿದಳು, ಮೊಣಕೈಯಿಂದ ಬೆರಳಿನವರೆಗೆ, ಕೆಟಲ್ ಖಾಲಿಯಾಗುವವರೆಗೆ. ಕುರ್ಚಿ ಬಿತ್ತು. ಮಾವ ತೋಳು ಅಪ್ಪಿಕೊಂಡು ನೆಲದ ಮೇಲೆ ಹೊರಳಿ ಬೊಬ್ಬಿರಿದ. ನಲವತ್ತೈದು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಎದುರು ಮಾತಾಡಿದ್ದನ್ನೇ ಯಾರೂ ಕೇಳಿರಲಿಲ್ಲ.

ಅವಳು ಕೆಟಲ್ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು.

"ನಲವತ್ತು ವರ್ಷ ನಿಮ್ಮ ಅಂಗಿಯ ರಕ್ತ ಒಗೆದಿದ್ದೀನಿ. ಯಾರದು ಅಂತ ಕೇಳಲಿಲ್ಲ. ನಿಮ್ಮ ಜೊತೆ ಗಾಡೀಲಿ ಹೋದ ಕ್ಲೀನರ್ ಹುಡುಗ ವಾಪಸ್ ಬರದಿದ್ದಾಗಲೂ ಕೇಳಲಿಲ್ಲ. ಅವನ ತಾಯಿ ಬಂದು ಈ ಬಾಗಿಲಲ್ಲಿ ಕೂತಾಗ ನೀರು ಕೊಟ್ಟು ಕಳಿಸ್ದೆ, ಅಪಘಾತ ಅಂತ ಹೇಳಿ." ಆಮೇಲೆ ಮ್ಯಾನೇಜರ್ ಕಡೆ ತಿರುಗಿದಳು. "ನಿಮಗೆ ನೋಡಿದವರ ಸಹಿ ಬೇಕಂತಲ್ಲಪ್ಪ. ನಾನು ನೋಡಿದ್ದೀನಿ. ನಾನೇ ತೊಳೆದದ್ದು. ಮರಳಿನ ಮೇಲೆ ಬಿದ್ದರೆ ಮೈಯಲ್ಲಿ ತೂತು ಬೀಳಲ್ಲ."

"ಅಮ್ಮಾ, ಅದು ದಾರಿ ನೋಡಿದ ಡ್ರೈವರ್ ಬರೀಬೇಕು, ನಿಯಮ..." ಅಂತ ಮ್ಯಾನೇಜರು ಗೊಣಗಿದ.

"ಬರೀತಾನೆ."

ಅತ್ತೆ ಟೈಪು ಮಾಡಿದ ಕಾಗದವನ್ನು ಸೊಸೆಯ ಕೈಯಡಿಯಿಂದ ಎಳೆದು ಮಗುಚಿ ಹಾಕಿದಳು. ಖಾಲಿ ಬೆನ್ನು ಮೇಲೆ ಬಂತು. ಮಗನ ಕೈಯಿಂದ ಜಾರಿದ್ದ ಪೆನ್ನನ್ನು ಹುಡುಕಿ ಅವನ ಬೆರಳುಗಳ ನಡುವೆ ಸಿಕ್ಕಿಸಿದಳು.

"ಬರಿ. ನನ್ನ ತಮ್ಮನ್ನ ಗುಂಡು ಹೊಡೆದು ಕೊಂದರು ಅಂತ ಬರಿ."

"ಅಮ್ಮಾ, ಲೈಸೆನ್ಸು..."

ಅವಳು ಅವನ ಕೆನ್ನೆಗೆ ಬಾರಿಸಿದಳು, ಇನ್ನೊಂದಕ್ಕೂ ಬಾರಿಸಿದಳು. ಅವನು ತಡೆಯಲಿಲ್ಲ. "ಸೋಮವಾರ ನಿನ್ನನ್ನೂ ತೊಳೀಬೇಕಾ ನಾನು? ಹೇಳು! ತೊಳೀಬೇಕಾ?"

ಗಂಡ ಬರೆಯತೊಡಗಿದ. ಕಾಗದ ಗಾಳಿಗೆ ಹಾರಾಡುತ್ತಿತ್ತು. ಸೊಸೆ ಎಡಗೈಯಿಂದ ಅದರ ಮೂಲೆ ಒತ್ತಿ ಹಿಡಿದಳು. ತಾರೀಕು ಬರೆದ, ಒಣಹಳ್ಳ ಅಂತ ಬರೆದ, ತಮ್ಮನ ನಿಜವಾದ ಹೆಸರು ಬರೆದ. ಗುಂಡು ಅನ್ನುವಲ್ಲಿ ಪೆನ್ನು ನಿಂತಿತು.

"ಎಷ್ಟು ಅಂತ ಬರೀಲಿ? ನಾನು ನೋಡಲಿಲ್ಲಮ್ಮ. ಹೋದವನೇ ಟಾರ್ಪಾಲು ಸುತ್ತಿಬಿಟ್ಟೆ."

"ಮೂರು. ಒಂದು ತೊಡೆಗೆ. ಎರಡು ಬೆನ್ನಿಗೆ."

"ಬೆನ್ನಿಗಾ?"

"ಬೆನ್ನಿಗೆ. ಓಡ್ತಿದ್ದ ಅವನು. ಹೆದರಿ ಓಡಿದ್ದಾನೆ ನನ್ನ ಮಗ. ಅವನಿಗೆ ಓಡೋದೂ ಗೊತ್ತಿರಲಿಲ್ಲ, ಚಿಕ್ಕಂದಿನಿಂದಲೂ ಎಡವಿ ಬೀಳ್ತಿದ್ದ..." ಅತ್ತೆಗೆ ಆಗ ಅಳು ಬಂತು, ಒಂಬತ್ತು ದಿನದಲ್ಲಿ ಮೊದಲ ಸಲ.

ಗಂಡ ಪೆನ್ನು ಬಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಹೆದರಿ ಅಲ್ಲಮ್ಮ" ಅಂದ ಅವನು. "ಟ್ಯಾಂಕಿಗೆ ಗುಂಡು ಬಿದ್ದು ಹತ್ತಿಕೊಂಡ ಗಾಡಿಯಿಂದ ಇನ್ನೂರು ಹೆಜ್ಜೆ ಈಚೆ ಬಿದ್ದಿದ್ದ. ಹೆಜ್ಜೆ ಗುರುತು ನೋಡ್ದೆ ನಾನು. ಪಕ್ಕದಲ್ಲೇ ಬಂಡೆ ಇತ್ತು, ಅಡಗಬಹುದಿತ್ತು, ಅಡಗಲಿಲ್ಲ. ಮುಖ ಬಾವಿ ಕಡೆಗಿತ್ತು. ನಾವು ಬರೋ ಕಡೆಗೆ ಓಡಿ ಬರ್ತಿದ್ದ. ಫೋನು ಕೈಯಲ್ಲೇ ಇತ್ತು, ಮಿಸ್ಡ್ ಕಾಲ್ ಕೊಟ್ಟಿರಲಿಲ್ಲ. ಕೊಟ್ಟಿದ್ರೆ, ನಮ್ಮ ಗಾಡಿನೂ ಸಿಗುತ್ತೆ ಅಂತ ಅವರು ಅವನನ್ನ ಬಿಟ್ಟುಬಿಡ್ತಿದ್ರೇನೋ. ಕೊಟ್ಟಿದ್ರೆ ನಾನು ಹನ್ನೊಂದು ಜನರನ್ನ ಕರ್ಕೊಂಡು ಹೊರಟುಬಿಡ್ತಿದ್ದೆ."

ಸೊಸೆ ಕಾಗದದ ಮೂಲೆ ಬಿಡಲಿಲ್ಲ. ಅವಳ ಕಣ್ಣೀರು ಪ್ಲಾಸ್ಟರಿನ ಮೇಲೆ ಬೀಳುತ್ತಿತ್ತು. 'ಹೋಗಿ ಸಾಯಿ' ಅಂದಿದ್ದಳು ಅವಳು. ಅದನ್ನು ಕೇಳಿಸಿಕೊಂಡು ಹೋದವನು, ದಾರಿ ಕೆಂಪಾಗಿದೆ ಅಂತ ಹೇಳಲು ಓಡಿ ಬಂದಿದ್ದ.

ಅತ್ತೆ ಬಗ್ಗಿ ನೆಲದಿಂದ ಪೆನ್ನು ತೆಗೆದು ಮತ್ತೆ ಮಗನ ಕೈಗಿಟ್ಟಳು.

"ಅದನ್ನೂ ಬರಿ" ಅಂದಳು.